ಇಪ್ಪತ್ಮೂರನೆಯ ಉತ್ತರ

ಪೆನ್ನನ್ನು ಮನೆಯಲ್ಲಿ ಮೂರು ಸಲ ಗೀಚಿ ನೋಡಿದ್ದಳು, ಬಸ್ಸಿನಲ್ಲಿ ಟಿಕೆಟ್ಟಿನ ಹಿಂಬದಿಯಲ್ಲಿ ಇನ್ನೊಂದು ಸಲ. ಈಗ ಹೊಲಿಗೆ ತರಗತಿಯ ಉದ್ದನೆಯ ಮೇಜಿನ ಮುಂದೆ ಕೂತು ಅಂಗೈ ಮೇಲೆ ಮತ್ತೊಮ್ಮೆ ಗೀಚಿದಳು. ಕಪ್ಪು ಗೆರೆ ಸರಿಯಾಗಿಯೇ ಮೂಡಿತು. ಮೂಡಿದ ಮೇಲೆ, ಇದನ್ನು ಯಾರಾದರೂ ನೋಡಿದರೆ ಏನೋ ಬರೆದುಕೊಂಡು ಬಂದಿದ್ದಾಳೆ ಅಂದುಕೊಂಡಾರು ಎಂದು ಗಾಬರಿಯಾಗಿ ಕರವಸ್ತ್ರದಿಂದ ಉಜ್ಜಿದಳು. ಉಜ್ಜಿದಷ್ಟೂ ಮಸಿ ಹರಡಿ, ಅಂಗೈ ತುಂಬ ಏನನ್ನೋ ಬರೆದು ಅಳಿಸಿದ ಹಾಗೆ ಕಾಣತೊಡಗಿತು. ಗೋಡೆಯುದ್ದಕ್ಕೂ ಹೊಲಿಗೆ ಯಂತ್ರಗಳು ಬಟ್ಟೆಯ ಮುಸುಕು ಹಾಕಿಕೊಂಡು ಸಾಲಾಗಿ ನಿಂತಿದ್ದವು. ಕೋಣೆಯಲ್ಲಿ ಯಂತ್ರದ ಎಣ್ಣೆಯ ವಾಸನೆ, ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ. ಬೇರೆ ಮಕ್ಕಳೆಲ್ಲ ಮೇಲಿನ ಮಹಡಿಯ ಹಾಲ್‌ನಲ್ಲಿ ಪರೀಕ್ಷೆ ಬರೆಯುವವರಿದ್ದರು. ಅಲ್ಲಿ ಓದಿ ಹೇಳುವ ಧ್ವನಿಯಿಂದ ಉಳಿದವರಿಗೆ ತೊಂದರೆಯಾಗುತ್ತದೆಂದು ಇವಳಿಗೂ ಇವಳು ಓದಿ ಹೇಳಬೇಕಾದ ಹುಡುಗಿಗೂ ಈ ಕೋಣೆ. ಬಾಗಿಲ ಬಳಿ ಆಟದ ಮೇಷ್ಟ್ರು ಮೇಲ್ವಿಚಾರಕರಾಗಿ ಕೂತಿದ್ದರು. ಕೊರಳಲ್ಲಿ ಸೀಟಿ ತೂಗುತ್ತಿತ್ತು, ಇವತ್ತು ಅದರಿಂದ ಏನೂ ಕೆಲಸವಿಲ್ಲದಿದ್ದರೂ.

ಅವಳು ಇನ್ನೊಂದು ಶಾಲೆಯ ಗ್ರಂಥಪಾಲಕಿ. ಕಣ್ಣು ಕಾಣದ ಮಕ್ಕಳಿಗೆ ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರದ ವೃತ್ತವನ್ನು ತುಂಬುವ ಕೆಲಸಕ್ಕೆ ಹಾಕಿದ್ದರು. ಹೀಗೆ ಬರೆದುಕೊಡುವ ಲಿಪಿಕಾರರಿಗೆ ಪರೀಕ್ಷೆಯ ವಿಷಯ ಗೊತ್ತಿರಬಾರದು ಎಂಬುದು ನಿಯಮ. ಹೆಡ್‌ಮಿಸ್ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಕೇಳಿದ್ದರು, "ನಿಮಗೆ ಗಣಿತ ಬರಲ್ಲ ಅಲ್ವಾ?" ಅವಳು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ, "ಸರಿಹೋಯ್ತು, ನೀವೇ ಹೋಗಿಬಿಡಿ" ಎಂದು ಹೆಸರು ಬರೆದುಕೊಂಡಿದ್ದರು. ಬರಲ್ಲ ಅಂತೇನಿಲ್ಲ, ಕಾಲೇಜಿನ ಎರಡನೆಯ ವರ್ಷದವರೆಗೆ ಓದಿದ್ದೇನೆ ಎಂದು ಹೇಳಬೇಕಿತ್ತು. ಆಮೇಲಿನ ಎರಡು ವಾರ, ಪುಸ್ತಕಗಳಿಗೆ ನಂಬರು ಅಂಟಿಸುವಾಗ, ಬೀರುವಿನ ಮೇಲಿನ ಧೂಳು ಒರೆಸುವಾಗ, ಮನಸ್ಸಿನಲ್ಲೇ ಹೆಡ್‌ಮಿಸ್‌ಗೆ ಉತ್ತರ ಕೊಡುತ್ತಿದ್ದಳು. ಆಮೇಲೆ ತರಬೇತಿಯ ದಿನ, ಇಲಾಖೆಯ ಅಧಿಕಾರಿ ಕಪ್ಪು ಹಲಗೆಯ ಮುಂದೆ ನಿಂತು, "ನೀವು ಪೆನ್ನು, ಅಷ್ಟೇ. ಪೆನ್ನಿಗೆ ತಲೆ ಇರಲ್ಲ" ಅಂದಾಗ ಹಿಂದಿನ ಬೆಂಚಿನಿಂದ ಯಾರೋ, "ಮುಚ್ಚಳ ಇರುತ್ತೆ ಸರ್" ಅಂದಿದ್ದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ. ಆ ತಡ ಅಧಿಕಾರಿಯ ಕಣ್ಣಿಗೆ ಬಿತ್ತೇ ಎಂದು ಊಟದ ಹೊತ್ತಿನವರೆಗೂ ಕೊರಗಿದಳು.

ಹುಡುಗಿ ತನ್ನ ಚಿಕ್ಕಮ್ಮನ ಮೊಣಕೈ ಹಿಡಿದು ಬಂದಳು. ಹದಿನಾಲ್ಕು ವರ್ಷ, ಎರಡು ಜಡೆ, ಒಂದು ಜಡೆ ಇನ್ನೊಂದಕ್ಕಿಂತ ಬಿಗಿ. ಚಿಕ್ಕಮ್ಮ ಕುರ್ಚಿ ಎಳೆದು ಕೂರಿಸಿ, ಹುಡುಗಿಯ ತಲೆಯ ಮೇಲಿಂದಲೇ ಮಾತಾಡಿದರು. "ಸ್ವಲ್ಪ ನಿಧಾನವಾಗಿ ಓದಿ ಮೇಡಂ. ಗಣಿತದ ಶಾಲೆಗೆ ಸೇರ್ಬೇಕು ಅಂತ ಇವಳ ಹಟ. ಹೋದ ಸಲ ಎರಡು ಅಂಕದಲ್ಲಿ ಹೋಯ್ತು. ಎರಡೇ ಸಲ ಬರೆಯೋಕೆ ಬಿಡೋದು, ಇದೇ ಕೊನೆ."

"ಚಿಕ್ಕಮ್ಮ, ನಾನೇ ಹೇಳ್ತೀನಿ, ನೀನು ಹೋಗು."

"ಹೋಗ್ತೀನಮ್ಮ. ನೀರಿನ ಬಾಟಲು ಬಲಗಡೆ ಇದೆ."

"ಎಡಗಡೆ ಇಟ್ಟಿದೀಯ. ಇಟ್ಟ ಸದ್ದು ಕೇಳಿಸ್ತು."

ಚಿಕ್ಕಮ್ಮ ಬಾಟಲನ್ನು ನೋಡಿ, ಗ್ರಂಥಪಾಲಕಿಯನ್ನು ನೋಡಿ, ಇದೆಲ್ಲ ದಿನಾ ಇದ್ದದ್ದೇ ಎಂಬಂತೆ ನಕ್ಕು ಹೊರಗೆ ಹೋದರು.

ಘಂಟೆ ಹೊಡೆಯಿತು. ಆಟದ ಮೇಷ್ಟ್ರು ಮೊಹರು ಮಾಡಿದ ಲಕೋಟೆಯನ್ನು ಇಬ್ಬರಿಗೂ ತೋರಿಸಿದರು. ಹುಡುಗಿಗೂ ತೋರಿಸಿದ್ದಕ್ಕೆ ತಾವೇ ನಾಚಿ, ಅವಳ ಬೆರಳನ್ನು ಮೊಹರಿನ ಮೇಲೆ ಮುಟ್ಟಿಸಿ ಒಡೆದರು. ಅರವತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಎ ಬಿ ಸಿ ಡಿ, ಒಂದೊಂದಕ್ಕೆ ಒಂದು ಅಂಕ. ಕಪ್ಪು ಶಾಯಿಯಲ್ಲಿ ತುಂಬಿದ ವೃತ್ತವನ್ನು ಅಳಿಸುವಂತಿಲ್ಲ. ಒಂದೇ ಸಾಲಿನಲ್ಲಿ ಎರಡು ತುಂಬಿದರೆ ಎರಡೂ ಲೆಕ್ಕಕ್ಕಿಲ್ಲ. ಉತ್ತರದ ಹಾಳೆಯ ಮೇಲೆ ಆ ಇನ್ನೂರ ನಲವತ್ತು ಪುಟ್ಟ ಖಾಲಿ ವೃತ್ತಗಳು ಅವಳತ್ತ ಬಾಯಿ ತೆರೆದು ಕೂತಿದ್ದವು. ಮೊದಲನೆಯ ಪ್ರಶ್ನೆ ಓದುವಾಗ ಧ್ವನಿ ನಡುಗಿತು. ಇದೇ ಸಾಲನ್ನು ಇದೇ ಗಳಿಗೆಯಲ್ಲಿ ಎಷ್ಟೋ ಸಾವಿರ ಮಕ್ಕಳು ಓದುತ್ತಿದ್ದಾರೆ ಎಂಬುದು ಆಗ ಅವಳಿಗೆ ಹೊಳೆಯಿತು. ನೋಡಿರದ ಊರುಗಳಲ್ಲಿ, ನೋಡಿರದ ಕೋಣೆಗಳಲ್ಲಿ, ಎಲ್ಲರ ಕಣ್ಣೂ ಒಟ್ಟಿಗೆ ಒಂದೇ ಪದದ ಮೇಲೆ. ಆ ಬೃಹತ್ತಾದ ಮೌನದಲ್ಲಿ ಬಾಯಿಬಿಟ್ಟು ಓದುತ್ತಿರುವವಳು ತಾನೊಬ್ಬಳೇ ಅನ್ನಿಸಿ ಮೈ ಜುಂ ಎಂದಿತು.

"ಮಿಸ್, ನೀರು ಕುಡೀರಿ" ಅಂದಳು ಹುಡುಗಿ. "ಪರೀಕ್ಷೆ ನನಗೆ, ನಿಮಗಲ್ಲ."

ಹುಡುಗಿಗೆ ತನ್ನದೇ ಒಂದು ಕ್ರಮವಿತ್ತು. ಪ್ರಶ್ನೆಯನ್ನು ಒಂದು ಸಲ ಓದಿಸಿಕೊಂಡು ಸುಮ್ಮನಿರುತ್ತಿದ್ದಳು. ಆಗ ಅವಳ ತುಟಿ ಮಾತ್ರ ಅಲುಗುತ್ತಿತ್ತು, ಒಮ್ಮೊಮ್ಮೆ ಅರ್ಧಂಬರ್ಧ ಲೆಕ್ಕ ಬಾಯಿಂದ ಹೊರಗೇ ಬೀಳುತ್ತಿತ್ತು. ಆಮೇಲೆ, "ಬಿ. ತುಂಬಿ" ಅನ್ನುವಳು. ಇಲ್ಲವೇ, "ಇಟ್ಕೊಳಿ, ಆಮೇಲೆ ನೋಡೋಣ." ಎಂಟನೆಯದನ್ನು ಹಾಗೆ ಬಿಟ್ಟು ಹದಿನಾಲ್ಕಕ್ಕೆ ಬಂದಾಗ ಇದ್ದಕ್ಕಿದ್ದ ಹಾಗೆ, "ಎಂಟಕ್ಕೆ ಡಿ. ತೊಟ್ಟಿಯ ನೀರು ಮುನ್ನೂರಲ್ಲ, ಮುನ್ನೂರ ಅರವತ್ತು" ಎಂದಳು. ಗ್ರಂಥಪಾಲಕಿ ಪುಟ ತಿರುಗಿಸಿ ನೋಡಿದಳು. ಎಂಟನೆಯದು ತೊಟ್ಟಿಯ ನೀರಿನದೇ. ಅದನ್ನು ಓದಿ ಕಾಲು ಗಂಟೆಯಾಗಿತ್ತು. ಎಲ್ಲ ಅಂಕಿಗಳೂ ಆ ಪುಟ್ಟ ಹಣೆಯ ಹಿಂದೆ, ಇಟ್ಟದ್ದು ಇಟ್ಟಲ್ಲೇ ಇದ್ದವು.

"ಹೇಗೆ ನೆನಪಿಟ್ಕೋತೀಯ?" ಎಂದು ಕೇಳಿಯೇಬಿಟ್ಟಳು. ಕೇಳಬಾರದಿತ್ತು, ಪ್ರಶ್ನೆಯ ಹೊರಗಿನ ಮಾತು ಆಡುವಂತಿಲ್ಲ.

"ನಮ್ಮನೆ ಮೆಟ್ಟಿಲು ಇಪ್ಪತ್ತು ಮಿಸ್. ಮೂರು ಸಲ ಹತ್ತಿದ್ರೆ ಅರವತ್ತು. ಮೆಟ್ಟಿಲಿಗೊಂದು ಇಡ್ತೀನಿ."

ಆಟದ ಮೇಷ್ಟ್ರು ಕೆಮ್ಮಿದರು. ಗ್ರಂಥಪಾಲಕಿ ಮುಂದಿನ ಪ್ರಶ್ನೆಗೆ ಓಡಿದಳು. ನಾಲ್ಕು ಉತ್ತರಗಳನ್ನೂ ಒಂದೇ ಸ್ವರದಲ್ಲಿ ಓದಬೇಕು, ಧ್ವನಿ ಎಲ್ಲೂ ಏರಬಾರದು ಇಳಿಯಬಾರದು ಎಂದು ಹೇಳಿಕೊಟ್ಟಿದ್ದರು. ಅವಳು ಮನೆಯಲ್ಲಿ ಹಳೆಯ ಪತ್ರಿಕೆಯನ್ನು ಕನ್ನಡಿಯ ಮುಂದೆ ಇಟ್ಟುಕೊಂಡು ಅಭ್ಯಾಸ ಮಾಡಿದ್ದಳು. ತಂಗಿ ನೋಡಿ, ರೈಲ್ವೆ ಸ್ಟೇಷನ್ನಿನ ಧ್ವನಿಯ ಹಾಗಿದೆ ಎಂದು ನಕ್ಕಿದ್ದಳು. ಆ ನಗುವಿನಲ್ಲೂ ಅವಳಿಗೊಂದು ಸಮಾಧಾನವಿತ್ತು, ಸರಿಯಾಗಿ ಓದುತ್ತಿದ್ದೇನೆ ಎಂದು. ಇಪ್ಪತ್ತೆರಡು ಮುಗಿಯುವ ಹೊತ್ತಿಗೆ ಹುಡುಗಿ ಕುರ್ಚಿಗೆ ಒರಗಿ, ತೀರ ಸಹಜವಾಗಿ ಹೇಳಿದಳು.

"ಮಿಸ್, ಒಂದು ಹೇಳ್ಲಾ? ನಿಮಗೆ ಯಾವುದು ಸರಿ ಅನ್ಸುತ್ತೋ ಅದನ್ನ ಸ್ವಲ್ಪ ನಿಧಾನ ಓದ್ತೀರ."

"ಇಲ್ಲಮ್ಮ, ಹಾಗೇನಿಲ್ಲ."

"ಹನ್ನೊಂದರಲ್ಲಿ ಬಿ ನಿಧಾನ ಓದಿದ್ರಿ." ಒಂದು ಕ್ಷಣ ಬಿಟ್ಟು ಸೇರಿಸಿದಳು, "ಆದ್ರೆ ಅದು ತಪ್ಪು."

ಆಟದ ಮೇಷ್ಟ್ರು ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಸೀಟಿ ಅವರ ಎದೆಯ ಮೇಲೆ ಅಲುಗಾಡಿತು. ಗ್ರಂಥಪಾಲಕಿಯ ಕಿವಿ ಬಿಸಿಯಾಯಿತು. ಹನ್ನೊಂದನೆಯದು ಏನಿತ್ತೆಂದೇ ಅವಳಿಗೆ ನೆನಪಿರಲಿಲ್ಲ. ತಾನು ಉತ್ತರಗಳನ್ನು ಯೋಚಿಸುತ್ತಿದ್ದೆ, ಒಂದೊಂದು ಪ್ರಶ್ನೆಯನ್ನೂ ತನ್ನೊಳಗೆ ತಾನೇ ಬರೆಯುತ್ತಿದ್ದೆ, ಹೆಡ್‌ಮಿಸ್‌ಗೆ ತೋರಿಸಲೆಂದು ಬರೆಯುತ್ತಿದ್ದೆ ಎಂಬುದು ಅವಳಿಗೇ ಈಗ ಗೊತ್ತಾದದ್ದು. ಗೊತ್ತಾದದ್ದು ಹೀಗೆ, ಸಿಕ್ಕಿಬಿದ್ದ ಮೇಲೆ. ಅದೂ ತಪ್ಪು ಉತ್ತರದೊಂದಿಗೆ. ನೀರು ಕುಡಿದಳು. ಇಪ್ಪತ್ಮೂರನ್ನು, ಪದಗಳನ್ನು ಅಳೆದು ಅಳೆದು, ಕಲ್ಲಿನಂಥ ಧ್ವನಿಯಲ್ಲಿ ಓದಿದಳು.

ಒಂದು ಚೌಕ ಕಾಗದ. ಅದರ ಮೇಲಿನ ಅರ್ಧವನ್ನು ಕೆಳಗಿನ ಅರ್ಧದ ಮೇಲೆ ಮಡಚಿದೆ. ಆಮೇಲೆ ಎಡ ಅರ್ಧವನ್ನು ಬಲ ಅರ್ಧದ ಮೇಲೆ ಮಡಚಿದೆ. ಈಗ ಸಿಕ್ಕ ಸಣ್ಣ ಚೌಕದ ಮೇಲಿನ ಎಡ ಮೂಲೆಯನ್ನು ಕತ್ತರಿಸಿದರೆ, ಬಿಚ್ಚಿದಾಗ ಕಾಗದದ ಒಳಗೆ ಎಷ್ಟು ತೂತುಗಳಿರುತ್ತವೆ? ಎ, ಒಂದು. ಬಿ, ಎರಡು. ಸಿ, ನಾಲ್ಕು. ಡಿ, ಎಂಟು.

ಕಾಣುವವರಿಗೆ ಪಕ್ಕದಲ್ಲಿ ಚಿತ್ರವಿತ್ತು. ಅದರಲ್ಲಿ ಮಡಚಿದ ಕಾಗದ, ಕತ್ತರಿ, ಬಿಟ್ಟುಬಿಟ್ಟು ಎಳೆದ ಗೆರೆ. ಒಂದು ನೋಟಕ್ಕೇ ಅವಳಿಗೆ ಉತ್ತರ ಹೊಳೆಯಿತು. ಎರಡು ಸಲ ಮಡಚಿದರೆ ನಾಲ್ಕು ಪದರ, ಒಂದು ಸಲ ಕತ್ತರಿಸಿದರೆ ನಾಲ್ಕು ತೂತು. ಹುಡುಗಿ ಎರಡು ಕೈಗಳನ್ನೂ ಮೇಜಿನ ಮೇಲೆತ್ತಿದಳು. ಇಲ್ಲದ ಕಾಗದವೊಂದನ್ನು ಅಂಗೈಗಳ ನಡುವೆ ಮಡಚಿದಳು, ತಿರುಗಿಸಿ ಮತ್ತೆ ಮಡಚಿದಳು, ಹೆಬ್ಬೆರಳು ತೋರುಬೆರಳಿನಲ್ಲಿ ಗಾಳಿಯ ಒಂದು ಮೂಲೆಯನ್ನು ಚಿವುಟಿದಳು. ಆಮೇಲೆ ಕೈ ಬಿಚ್ಚಿದಳು. ಹೆಚ್ಚೆಂದರೆ ಐದಾರು ಸೆಕೆಂಡು.

"ಒಂದು. ಎ."

ಗ್ರಂಥಪಾಲಕಿಗೆ ಅಯ್ಯೋ ಅನ್ನಿಸಿತು. ಖಂಡಿತ ಅದೇ ಮೊದಲು ಅನ್ನಿಸಿದ್ದು, ಅಯ್ಯೋ ಎಂದೇ. ಪಾಪ, ಬಣ್ಣದ ಕಾಗದ ಕತ್ತರಿಸಿ ತೋರಣ ಬಿಚ್ಚುವಾಗ ಸಾಲು ಸಾಲು ತೂತುಗಳ ನಡುವೆ ಬೆಳಕು ಹಾಯುವುದನ್ನು ಈ ಹುಡುಗಿ ಎಲ್ಲಿ ನೋಡಬೇಕು, ಕತ್ತರಿ ಒಂದು ಸಲ ಆಡಿದ್ದರಿಂದ ಒಂದೇ ಅಂದುಕೊಂಡಿದ್ದಾಳೆ. ಎರಡು ಅಂಕದಲ್ಲಿ ಹೋಯಿತಂತೆ ಹೋದ ಸಲ. ಮತ್ತೆ ಕೇಳು, ಇನ್ನೊಂದು ಸಲ ಯೋಚಿಸು ಎನ್ನುವಂತಿಲ್ಲ. ಆಟದ ಮೇಷ್ಟ್ರು ಕಿಟಕಿಯ ಕಡೆಯೇ ನೋಡುತ್ತಿದ್ದರು. ಪೆನ್ನು ಎ ಮೇಲೆ ಇಳಿಯುತ್ತಾ ಇಳಿಯುತ್ತಾ ಎರಡು ವೃತ್ತ ದಾಟಿ ಸಿ ಮೇಲೆ ಕೂತಿತು. ತಾನು ತೀರ್ಮಾನಿಸಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ರಸ್ತೆ ದಾಟುವಾಗ ಪಕ್ಕದ ಮಗುವಿನ ಕೈ ಹಿಡಿದುಕೊಳ್ಳುವ ಹಾಗೆ, ಅಷ್ಟು ತಾನಾಗಿ. ವೃತ್ತದ ಅಂಚು ಮೀರದಂತೆ ನೀಟಾಗಿ ತುಂಬಿದಳು. ತುಂಬುವಾಗ ಎದೆಯಲ್ಲಿ ಏನೋ ಬೆಚ್ಚಗಾಯಿತು. ಆ ಬಿಸುಪಿನಲ್ಲಿ ಕರುಣೆ ಎಷ್ಟು, ಹನ್ನೊಂದನೆಯ ಪ್ರಶ್ನೆಗೆ ಸೇಡು ತೀರಿಸಿಕೊಂಡದ್ದು ಎಷ್ಟು ಎಂದು ಆಗ ಅವಳು ಕೇಳಿಕೊಳ್ಳಲಿಲ್ಲ.

"ತುಂಬಿದ್ರಾ?"

"ಹ್ಞೂಂ."

"ಮುಂದೆ."

ಇಪ್ಪತ್ನಾಲ್ಕು. ಅದೇ ರೀತಿ ಮಡಚಿದ ಕಾಗದದ ಕೆಳಗಿನ ಬಲ ಮೂಲೆಯನ್ನು ಕತ್ತರಿಸಿದರೆ, ಬಿಚ್ಚಿದಾಗ ಕಾಗದದ ಒಳಗೆ ಎಷ್ಟು ತೂತುಗಳಿರುತ್ತವೆ? ಎ, ಒಂದು. ಬಿ, ಎರಡು. ಸಿ, ನಾಲ್ಕು. ಡಿ, ಒಂದೂ ಇಲ್ಲ.

ಹುಡುಗಿ ಈ ಸಲ ಕೈ ಎತ್ತಲೂ ಇಲ್ಲ. "ಡಿ" ಅಂದವಳು, ತನ್ನಷ್ಟಕ್ಕೇ ಗೊಣಗಿಕೊಂಡಳು. "ಇದು ಹೊರಗಿನ ಮೂಲೆ. ನಾಲ್ಕು ಮೂಲೇನೂ ಹಾರಿ ಹೋಗುತ್ತೆ, ಒಳಗೇನೂ ಆಗಲ್ಲ. ಆಗಿನದು ನಡುಮಧ್ಯ. ಮಡಿಕೆ ಎರಡೂ ಸೇರೋ ಜಾಗ. ಅದಕ್ಕೇ ಒಂದೇ ತೂತು."

ಪೆನ್ನು ಡಿ ಮೇಲೆ ಕೂತಿತ್ತು. ಅವಳು ತುಂಬಲಿಲ್ಲ. ಮಡಿಕೆ ಎರಡೂ ಸೇರುವ ಜಾಗ. ಅವಳ ಕಣ್ಣ ಮುಂದೆ ಆ ಸಣ್ಣ ಚೌಕ ತಾನಾಗಿ ಬಿಚ್ಚಿಕೊಂಡಿತು. ಮೊದಲು ಎಡಕ್ಕೆ, ಆಮೇಲೆ ಮೇಲಕ್ಕೆ. ಕತ್ತರಿಸಿದ ನಾಲ್ಕು ಪದರಗಳೂ ದೊಡ್ಡ ಕಾಗದದ ನಟ್ಟನಡುವೆ ಒಂದಕ್ಕೊಂದು ಅಂಟಿಕೊಂಡು ಬಂದು ನಿಂತವು. ನಾಲ್ಕು ಕಚ್ಚುಗಳು ಸೇರಿ ಒಂದು ತೂತು. ಎಷ್ಟು ಸರಳ, ಎಷ್ಟು ಚೆಂದ. ತನ್ನ ಕಣ್ಣು ಚಿತ್ರದ ಮೇಲೇ ನಿಂತುಬಿಟ್ಟಿತ್ತು. ಹುಡುಗಿಗೆ ಚಿತ್ರವಿರಲಿಲ್ಲ, ಅವಳು ಕಾಗದದ ಒಳಗೇ ಹೋಗಿದ್ದಳು. ಹೋಗಿ, ನಡುಮಧ್ಯ ನಿಂತು, ಬಂದಿದ್ದಳು, ಐದಾರು ಸೆಕೆಂಡಿನಲ್ಲಿ. ಆ ಬೆರಗಿನ ಹಿಂದೆಯೇ, ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿದ ಹಾಗೆ, ಅವಳ ಕಣ್ಣು ಇಪ್ಪತ್ಮೂರರ ಸಾಲಿನ ಆ ನೀಟಾದ ಕಪ್ಪು ಚುಕ್ಕೆಯ ಮೇಲೆ ಬಿತ್ತು.

"ಮಿಸ್, ಡಿ ಅಂದೆ."

"ತುಂಬ್ತಿದೀನಿ."

ಆಮೇಲಿನ ಮೂವತ್ತಾರು ಪ್ರಶ್ನೆಗಳನ್ನು ಹೇಗೆ ಓದಿದಳೋ. ಓದಿದ್ದಂತೂ ನಿಜ, ತುಂಬಿದ್ದೂ ನಿಜ. ಒಂದೊಂದು ವೃತ್ತ ತುಂಬುವ ಮೊದಲು ಅಕ್ಷರವನ್ನು ಎರಡು ಸಲ ನೋಡಿ, ಸಾಲಿನ ನಂಬರಿನ ಮೇಲೆ ಬೆರಳಿಟ್ಟು ತುಂಬಿದಳು. ಈಗ ಎಷ್ಟು ಎಚ್ಚರವಾಗಿದ್ದರೇನು, ಆ ಒಂದು ಸಾಲು ಹಾಗೆಯೇ ಇತ್ತು. ಇದ್ದಕ್ಕಿದ್ದ ಹಾಗೆ ಗ್ರಂಥಪಾಲಕಿಯ ನೆನಪಿನಲ್ಲಿ ಅಪ್ಪ ಅವಳ ಬೆಂಚಿನ ಪಕ್ಕ ನಿಂತಿದ್ದರು. ಅವರ ಬೂಟಿನ ಪಾಲಿಶಿನ ವಾಸನೆಯೂ ಇತ್ತು. ಅವಳಿಗೆ ಆಗ ಹನ್ನೊಂದು ವರ್ಷ. ಇಂಥದೇ ಒಂದು ಪರೀಕ್ಷೆ, ಎಲ್ಲ ಶಾಲೆಗಳಿಗೂ ಒಂದೇ. ಅಪ್ಪ ಅದೇ ಶಾಲೆಯ ಮೇಷ್ಟ್ರು, ಆ ದಿನ ಅವಳ ಕೋಣೆಗೇ ಕಾವಲು. ಸಾಲುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದವರು ಅವಳ ಪಕ್ಕ ಬಂದು ನಿಂತರು. ಅವಳ ಹಾಳೆಯ ಮೇಲೆ ತೋರುಬೆರಳನ್ನು ಒಂದು ಉತ್ತರದ ಮೇಲೆ, ಧೂಳು ಕೊಡವುವವರ ಹಾಗೆ, ಎರಡು ಸಲ ತಟ್ಟಿ ಮುಂದೆ ಹೋದರು. ಅವಳು ತನ್ನ ಉತ್ತರವನ್ನು ಅಳಿಸಿ ಅಪ್ಪ ತಟ್ಟಿದ್ದನ್ನು ಬರೆದಳು. ಬಹುಮಾನ ಬಂತು, ವೇದಿಕೆಯ ಮೇಲೆ ಚಪ್ಪಾಳೆ. ಅಪ್ಪ ಮೂರನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದರು. ತಾನು ಮೊದಲು ಬರೆದದ್ದು ತಪ್ಪಾಗಿತ್ತೇ, ಸರಿಯಾಗಿತ್ತೇ? ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಕೇಳಲಿಲ್ಲ, ಈಗ ಕೇಳಲು ಅಪ್ಪನಿಲ್ಲ. ಅಲ್ಲಿಂದೀಚೆಗೆ ಯಾವುದನ್ನು ಮಾಡಿದರೂ ಒಂದು ಗಳಿಗೆ ನಿಂತು, ಯಾರಾದರೂ ಪಕ್ಕಕ್ಕೆ ಬಂದಾರೇ ಎಂದು ಕಾಯುವುದು ರೂಢಿಯಾಗಿಬಿಟ್ಟಿತ್ತು. ಇವತ್ತು ಕಾಯಲಿಲ್ಲ. ಕಾಯದೆ ಮಾಡಿದ ಒಂದೇ ಒಂದು ಕೆಲಸ ಇದು.

"ಮಿಸ್, ನಿಮ್ಮ ಹೊಟ್ಟೆ ಕೂಗ್ತಿದೆ" ಅಂದಳು ಹುಡುಗಿ, ಐವತ್ತೆರಡರ ಹತ್ತಿರ. "ತಿಂಡಿ ತಿಂದು ಬಂದಿಲ್ವಾ?"

"ತಿಂದಿದೀನಮ್ಮ."

"ಹಾಗಾದ್ರೆ ಭಯಕ್ಕೆ. ನನಗೂ ಹೋದ ಸಲ ಹಾಗೇ ಆಗಿತ್ತು."

ಮೇಲೆ ಘಂಟೆ ಹೊಡೆಯಿತು. ಉಳಿದವರ ಹೊತ್ತು ಮುಗಿಯಿತು. ಮೆಟ್ಟಿಲ ಮೇಲೆ ನೂರಾರು ಕಾಲುಗಳು ಮಳೆಯ ಹಾಗೆ ಇಳಿದು, ಅಂಗಳದಲ್ಲಿ ಸ್ವಲ್ಪ ಹೊತ್ತು ಗಲಾಟೆಯಾಗಿ, ಗೇಟಿನ ಕಡೆ ಸರಿದು ಹೋದವು. ಕಣ್ಣು ಕಾಣದವರಿಗೆ ಕೊಡುವ ಹೆಚ್ಚಿನ ಹೊತ್ತು, ಹುಡುಗಿಗೆ ಇನ್ನೂ ಒಂದು ಗಂಟೆ ಇತ್ತು. ಅರವತ್ತೂ ಆದ ಮೇಲೆ ಅವಳು ಕಾಲು ಚಾಚಿ, ಬೆರಳುಗಳ ನೆಟಿಕೆ ತೆಗೆದು, ನೆಟ್ಟಗೆ ಕೂತಳು.

"ಈಗ ನಾನು ಒಂದರಿಂದ ಹೇಳ್ತಾ ಹೋಗ್ತೀನಿ ಮಿಸ್. ನೀವು ಹಾಳೆ ನೋಡಿ, ಹೌದಾ ಅಲ್ವಾ ಹೇಳ್ತಾ ಬನ್ನಿ. ಸಾಲು ತಪ್ಪಿದ್ರೆ ಗೊತ್ತಾಗ್ಬೇಕಲ್ಲ, ಅದಕ್ಕೆ. ನಾನು ಯಾವಾಗ್ಲೂ ಹೀಗೇ ಮಾಡೋದು."

ಇಂಥದೊಂದು ಇದೆ ಎಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಇದು ನಿಯಮದ ಪುಸ್ತಕದ್ದಲ್ಲ, ಹುಡುಗಿಯದು. ತನ್ನ ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಯೇ ಬದುಕಬೇಕಾದವಳು ತಾನೇ ಕಂಡುಕೊಂಡದ್ದು.

"ಒಂದು, ಬಿ."

"ಹೌದು."

"ಎರಡು, ಬಿ."

"ಹೌದು."

ಹುಡುಗಿ ಮೆಟ್ಟಿಲು ಹತ್ತುತ್ತಿದ್ದಳು. ನಿಜವಾಗಿಯೂ ಹತ್ತುತ್ತಿದ್ದಳು, ಮೇಜಿನಡಿ ಅವಳ ಪಾದ ಒಂದೊಂದು ಅಕ್ಷರಕ್ಕೂ ಒಂದಿಷ್ಟು ಮೇಲೇಳುತ್ತಿತ್ತು. ಹೆಜ್ಜೆ ಒಂದೂ ತಪ್ಪಲಿಲ್ಲ. ಗ್ರಂಥಪಾಲಕಿ ತನ್ನ ಬಾಯಿಂದ ಬೀಳುವ ಹೌದುಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಎರಡೇ ಅಕ್ಷರ. ಇಪ್ಪತ್ಮೂರಕ್ಕೂ ಅದೇ ಎರಡು ಅಕ್ಷರ ಸಾಕು. ಹಾಳೆ ಲಕೋಟೆಗೆ ಹೋಗುತ್ತದೆ, ಲಕೋಟೆಗೆ ಮೊಹರು ಬೀಳುತ್ತದೆ, ಹಾಳೆಯನ್ನು ಯಂತ್ರ ಓದುತ್ತದೆ. ಯಂತ್ರಕ್ಕೆ ಯಾರ ಕೈ ಎಂದು ಗೊತ್ತಾಗುವುದಿಲ್ಲ. ಒಂದು ಅಂಕ. ಹುಡುಗಿ ಎಲ್ಲೋ ಒಂದು ತಪ್ಪಾಗಿದೆ ಅಂದುಕೊಳ್ಳುತ್ತಾಳೆ, ಅಷ್ಟೇ. ತನ್ನ ಲೆಕ್ಕದಲ್ಲೇ ಎಲ್ಲೋ, ಎಂದು. ಮೂವತ್ತು ವರ್ಷ ಅಂದುಕೊಳ್ಳುತ್ತಾಳೆ.

"ಇಪ್ಪತ್ತೆರಡು, ಸಿ."

"ಹೌದು."

"ಇಪ್ಪತ್ಮೂರು, ಎ."

ಅಂಗಳದಲ್ಲಿ ಯಾರೋ ಬಕೆಟ್ಟು ಎಳೆದರು. ಹುಡುಗಿಯ ಪಾದ ಎದ್ದದ್ದು ಎದ್ದೇ ಇತ್ತು.

"ಇಲ್ಲ" ಅಂದಳು ಗ್ರಂಥಪಾಲಕಿ.

"ಎ ಅಲ್ವಾ? ಸಾಲು ತಪ್ಪಿದೆಯಾ?"

"ಸಾಲು ತಪ್ಪಿಲ್ಲ. ಸಿ ತುಂಬಿದೀನಿ. ನೀನು ಎ ಅಂದೆ. ನಾನು... ನೀನು ತಪ್ಪು ಹೇಳ್ತಿದೀಯ ಅಂದ್ಕೊಂಡೆ."

ಹುಡುಗಿಯ ಪಾದ ಕೆಳಗಿಳಿಯಿತು. ಮುಖ ಮೊದಲು ಬಿಳಚಿಕೊಂಡು ಆಮೇಲೆ ಕಿವಿಯವರೆಗೆ ಕೆಂಪಾಯಿತು. ಅವಳು ಮೇಜಿನ ಅಂಚನ್ನು ಎರಡು ಕೈಗಳಿಂದಲೂ ಹಿಡಿದುಕೊಂಡಳು, ಮೇಜು ಎಲ್ಲಾದರೂ ಹೋದೀತು ಎಂಬಂತೆ.

ಬಾಗಿಲ ಬಳಿಯಿಂದ ಆಟದ ಮೇಷ್ಟ್ರು ಎದ್ದು ಬಂದರು. "ಲೈಬ್ರರಿ ಮೇಡಂ, ಅದನ್ನ ಈಗ ಯಾಕೆ ಬಾಯಿಬಿಟ್ರಿ?" ದನಿ ತಗ್ಗಿಸಿದರು. "ಮುಚ್ಕೊಂಡು ಹೋಗಿದ್ರೆ ಆಗ್ತಿತ್ತು. ಸರಿ, ನಾನು ಕೇಳಿಸ್ಕೊಂಡಿಲ್ಲ."

"ಕೇಳಿಸ್ಕೊಂಡ್ರಿ ಸರ್" ಅಂದಳು ಹುಡುಗಿ.

"ಪುಟ್ಟಿ, ನೋಡಿಲ್ಲಿ. ಇದನ್ನ ಬರೆದು ಕಳಿಸ್ಬೇಕು ಅಂದ್ರೆ ನಿನ್ನ ಹಾಳೆ ಬೇರೆ ಲಕೋಟೆಗೆ ಹೋಗುತ್ತೆ. ಸಮಿತಿ ಕೂರ್ಬೇಕು, ನೋಡ್ಬೇಕು. ಅವರು ಒಪ್ಪಿದ್ರೆ ಆ ಅಂಕ ಕೊಡ್ತಾರೆ, ಒಪ್ಪದಿದ್ರೆ ಇಲ್ಲ. ಅಷ್ಟು ಹೊತ್ತಿಗೆ ಆ ಶಾಲೆಯ ಸೀಟು ಮುಗಿದುಹೋದ್ರೆ ಏನು ಮಾಡ್ತೀಯ? ಈ ಮೇಡಂಗೂ ತೊಂದರೆ. ಬಿಟ್ರೆ ಹೋಗೋದು ಒಂದೇ ಅಂಕ."

ಗ್ರಂಥಪಾಲಕಿಗೆ ಅವರ ಮಾತು ಪೂರ್ತಿ ಸರಿ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ತನ್ನ ತೊಂದರೆಯ ಮಾತು ಬಂದ ತಕ್ಷಣ ಮನಸ್ಸು ಅವರ ಕಡೆ ಎಷ್ಟು ಬೇಗ ವಾಲಿತು. ಬಿಟ್ಟುಬಿಡು ಎಂದು ಹುಡುಗಿಗೆ ಹೇಳಬೇಕೆಂದು ತುಟಿಯವರೆಗೆ ಬಂತು. ಮತ್ತೆ ಅದೇ, ಅವಳ ಪರವಾಗಿ ತಾನು.

ಹುಡುಗಿಯ ತುಟಿ ಅಲುಗುತ್ತಿತ್ತು. ಲೆಕ್ಕ ಮಾಡುವಾಗಿನ ಹಾಗೆಯೇ.

"ಸರ್, ಮೂವತ್ತೊಂದು ನನಗೆ ಗೊತ್ತಿರ್ಲಿಲ್ಲ, ಸುಮ್ನೆ ಹೇಳ್ದೆ. ನಲವತ್ತೆಂಟೂ ಅಷ್ಟೇ, ಊಹೆ. ಅವು ಹೋದ್ರೆ ಹೋಗ್ಲಿ, ಬಂದ್ರೂ ನನ್ನದಲ್ಲ." ಉಸಿರು ಎಳೆದುಕೊಂಡಳು. "ಇದು ಗೊತ್ತಿತ್ತು. ಬರೆದು ಕಳಿಸಿ."

"ಸೀಟು ಹೋದ್ರೆ?"

"ಹೋದ್ರೆ ಅಳ್ತೀನಿ" ಅಂದಳು ಹುಡುಗಿ ಸಿಟ್ಟಿನಿಂದ. "ನೀವು ಬರೆದು ಕಳಿಸಿ ಸರ್."

ಆಟದ ಮೇಷ್ಟ್ರು ತಲೆ ಕೆರೆದುಕೊಂಡು, ಕಡತದಿಂದ ಒಂದು ನಮೂನೆ ಹುಡುಕಿ ತೆಗೆದರು. ಅದನ್ನು ಮೇಲಿನಿಂದ ಕೆಳಗೆ ಓದಿದರು, ಹಿಂದೆ ತಿರುಗಿಸಿ ಓದಿದರು. ಅವರ ಮುಖದಲ್ಲಿ ಒಂದು ಬಗೆಯ ಸಂಕೋಚ ಮೂಡಿತು. "ಇದು ಅಭ್ಯರ್ಥಿಯ ಹೇಳಿಕೆ. ಅಭ್ಯರ್ಥಿ ಹೇಳ್ಬೇಕು, ಲಿಪಿಕಾರರು ಅದನ್ನ ಹೇಳಿದ ಹಾಗೇ ಬರೀಬೇಕು. ನಾನು ಬರೆಯೋ ಹಾಗಿಲ್ಲ, ನನ್ನದು ಸಾಕ್ಷಿ ಸಹಿ ಮಾತ್ರ." ನಮೂನೆಯನ್ನು ಗ್ರಂಥಪಾಲಕಿಯ ಮುಂದೆ ಇಟ್ಟರು. "ಅಂದ್ರೆ ನೀವೇ ಮೇಡಂ."

ಅವಳು ಪೆನ್ನು ಎತ್ತಿಕೊಂಡಳು. ಹುಡುಗಿ ಅವಳತ್ತ ತಿರುಗಲಿಲ್ಲ. ಎದುರಿನ ಗೋಡೆಯತ್ತ, ಯಾರೋ ಅಲ್ಲಿ ನಿಂತು ಕೇಳುತ್ತಿದ್ದಾರೆ ಎಂಬಂತೆ ಹೇಳತೊಡಗಿದಳು. ಮಾತಿನ ಭಾಷೆ ಬಿಟ್ಟು, ಪುಸ್ತಕದ ಭಾಷೆಯಲ್ಲಿ, ಒಂದೊಂದು ವಾಕ್ಯವನ್ನೂ ಮುಗಿಸಿ, ಪೆನ್ನು ನಿಲ್ಲುವವರೆಗೆ ಕಾದು.

"ಇಪ್ಪತ್ಮೂರನೆಯ ಪ್ರಶ್ನೆಗೆ ನಾನು ಎ ಎಂದು ಹೇಳಿದೆ."

ಬರೆದಳು.

"ಲಿಪಿಕಾರರು ಸಿ ತುಂಬಿದರು."

ಬರೆದಳು. ಸಿ ಸ್ವಲ್ಪ ಓರೆಯಾಯಿತು.

"ನನ್ನ ಉತ್ತರ ತಪ್ಪು ಎಂದು ಅವರು ಅಂದುಕೊಂಡರು. ನನ್ನ ಉತ್ತರ ಸರಿಯಾಗಿತ್ತು. ಎರಡು ಮಡಿಕೆಗಳು ಸೇರುವ ಮೂಲೆ ಕಾಗದದ ನಡುಮಧ್ಯ."

ಬರೆಯುತ್ತಾ ಬರೆಯುತ್ತಾ ಅವಳಿಗೆ ಒಂದು ವಿಚಿತ್ರ ಅನುಭವವಾಯಿತು. ಇಷ್ಟು ವರ್ಷ ಸಾವಿರಾರು ಪುಸ್ತಕಗಳ ನಡುವೆ ಕೂತಿದ್ದಳು. ಪದಗಳಲ್ಲಿ ಹುಷಾರಾದವಳು ಎಂದು ತನ್ನ ಬಗ್ಗೆ ತಾನೇ ಹೆಮ್ಮೆಪಟ್ಟಿದ್ದಳು. ಈ ವಾಕ್ಯಗಳಲ್ಲಿ ಕೂಡಿಸಲು ಏನೂ ಇರಲಿಲ್ಲ, ಕಳೆಯಲು ಏನೂ ಇರಲಿಲ್ಲ. ಅವುಗಳಲ್ಲಿ ದ್ವೇಷವಿಲ್ಲ, ಕ್ಷಮೆಯೂ ಇಲ್ಲ. ಆದದ್ದು ಆದ ಹಾಗೆ ಇತ್ತು. ತನ್ನ ಬಗ್ಗೆ ಯಾರೂ, ಎಂದೂ, ಇಷ್ಟು ನಿಖರವಾಗಿ ಮಾತಾಡಿರಲಿಲ್ಲ. ಬೆಟ್ಟದ ಬುಡದಲ್ಲಿ ನಿಂತವಳ ಹಾಗೆ ಅವಳು ತಲೆಯೆತ್ತಿ ಆ ಎರಡು ಜಡೆಯ ಹುಡುಗಿಯನ್ನು ನೋಡಿದಳು.

"ಓದಿ" ಅಂದಳು ಹುಡುಗಿ.

ಓದಿದಳು. ಎಲ್ಲೂ ನಿಧಾನ ಮಾಡಲಿಲ್ಲ, ಎಲ್ಲೂ ಅವಸರ ಮಾಡಲಿಲ್ಲ.

"ಒಂದು ಬಿಟ್ಟೋಯ್ತು. ಎರಡನೇ ವಾಕ್ಯದಲ್ಲಿ, 'ತುಂಬಿದರು' ಅನ್ನೋದಕ್ಕೆ ಮುಂಚೆ ಸೇರಿಸಿ. 'ನನ್ನನ್ನು ಕೇಳದೆ.'"

ಅವಳು ಆ ವಾಕ್ಯದ ಹತ್ತಿರ ಪೆನ್ನು ತಂದಳು. ಜಾಗ ಸಾಲದಾಗಿತ್ತು. ಸಾಲಿನ ಕೆಳಗೆ ಒಂದು ಸಣ್ಣ ಬಾಣದ ಗುರುತು ಹಾಕಿ, ಎರಡು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ, ಅಕ್ಷರ ಅಕ್ಷರವನ್ನೂ ಬಿಡಿಸಿ ಬರೆದಳು. ಲಿಪಿಕಾರರು ಸಿ, ಬಾಣ, ನನ್ನನ್ನು ಕೇಳದೆ, ತುಂಬಿದರು.

"ಬರೆದ್ರಾ?"

"ಬರೆದೆ."

"ಏನಂತ?"

"ನನ್ನನ್ನು ಕೇಳದೆ."

ಹುಡುಗಿ ತಲೆಯಾಡಿಸಿದಳು. ಮೇಜಿನ ಅಂಚಿನಿಂದ ಕೈ ತೆಗೆದಳು.

"ಇಪ್ಪತ್ನಾಲ್ಕು, ಡಿ" ಅಂದಳು.